ಸಿಜೆ ಜೀಪಿನ ಹಿಂದಿನ ಆಕ್ಸಲ್ ಗಟ್ಟಿ ಮಾಡಿಸಿದ್ದು: ಎರಡು ಮಳೆಗಾಲ ಓಡಿಸಿದ ಮೇಲಿನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಂದು ಶೋಕಿ ಜೀಪಲ್ಲ. ಹೈ ಬಾನೆಟ್ಟಿನ ಸಿಜೆ ತ್ರೀಬಿ, ಮಹೀಂದ್ರದ ಹಳೇ ಮಾಡೆಲ್ಲು, ಡೀಸಲ್ಲು, ಅಪ್ಪಯ್ಯ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ನಿಟ್ಟೂರು ಕಡೆ ನಮ್ಮ ಮನೆಗೂ ತೋಟಕ್ಕೂ ನಡುವೆ ಓಡಾಡೋದೇ ಅದರ ಕೆಲಸ. ಬೇಸಿಗೇಲಿ ಗೊಬ್ಬರ, ದರಗೆಲೆ, ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋಕೆ ಬೋರ್ಡೋ ದ್ರಾವಣ ತುಂಬಿದ ಡ್ರಮ್ಮು, ಕೊಯ್ಲು ಟೈಮಲ್ಲಿ ಹಸಿ ಅಡಿಕೆ. ಕೊಡಚಾದ್ರಿ ಹತ್ತೋ ಬಾಡಿಗೆ ಜೀಪುಗಳನ್ನ ನೋಡಿದೋರಿಗೆ ಗೊತ್ತಿರುತ್ತೆ, ಈ ಕಡೆ ದಾರಿ ಅಂದ್ರೆ ಎಂಥದ್ದು ಅಂತ. ನಮ್ಮನೆ ದಾರಿ ಅದರ ತಮ್ಮ ಅಂತ ಇಟ್ಕೊಳಿ.

ಎರಡು ವರ್ಷದ ಹಿಂದೆ ಆಗಸ್ಟಲ್ಲಿ, ಬಿಟ್ಟೂಬಿಡದೆ ಮಳೆ, ಹಿಂದುಗಡೆ 200 ಲೀಟರಿನ ಡ್ರಮ್ಮು ಇಟ್ಕೊಂಡು ಧರೆ ಏರ್ತಾ ಇದ್ದೆ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ, ನಿಧಾನದ ಗೇರು), ಫಸ್ಟ್ ಗೇರು. ಎಡಗಡೆ ಹಿಂದಿನ ಚಕ್ರ ಕೆಸರಲ್ಲಿ ಸುಮ್ನೆ ತಿರುಗ್ತಾ ಇತ್ತು, ನಾನೂ ಆಕ್ಸಿಲೇಟರ್ ಬಿಡ್ಲಿಲ್ಲ, ತಿರುಗ್ತಾ ತಿರುಗ್ತಾ ಒಂದು ಹಲಸಿನ ಬೇರಿಗೆ ಹೋಗಿ ಗಬಕ್ಕನೆ ಕಚ್ಕೊಳ್ತು ನೋಡಿ, ಟಣ್ ಅಂತ ಸದ್ದು, ಮುಗೀತು. ಇಳಿದು ನೋಡಿದ್ರೆ ಚಕ್ರ ಬ್ರೇಕ್ ಡ್ರಮ್ ಸಮೇತ ಒಂದು ಗೇಣು ಹೊರಗೆ ಬಂದು ನಿಂತಿದೆ, ಬ್ರೇಕ್ ಸಿಲಿಂಡರ್ ಪಿಸ್ಟನ್ ಹೊರಗೆ ಬಿದ್ದು ಆಯಿಲ್ ಎಲ್ಲ ಕೆಸರಿಗೆ. ಈ ಹಳೇ ಜೀಪಲ್ಲಿ ಬ್ರೇಕಿಗೆ ಒಂದೇ ಲೈನು, ಒಂದು ಚಕ್ರದಲ್ಲಿ ಹೋದ್ರೆ ನಾಲ್ಕೂ ಹೋದಂಗೆ. ಹ್ಯಾಂಡ್ ಬ್ರೇಕಾದ್ರೂ ಹಿಡಿಯುತ್ತಾ ಅಂದ್ರೆ ಅದು ಇರೋದು ಟ್ರಾನ್ಸ್‌ಫರ್ ಕೇಸಿನ (ಬಲಾನ ಮುಂದಿನ ಹಿಂದಿನ ಚಕ್ರಕ್ಕೆ ಹಂಚೋ ಪೆಟ್ಟಿಗೆ) ಹಿಂದೆ, ಅಲ್ಲಿಂದ ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿಗೆ, ಚಕ್ರ ತಿರುಗಿಸೋ ಆಕ್ಸಲ್ ಶಾಫ್ಟ್ ಮುರಿದ ಮೇಲೆ ಹಿಂದಿನ ಚಕ್ರಕ್ಕೆ ಅದು ಇದ್ದೂ ಇಲ್ಲ. ಫೋರ್ ವೀಲ್ ಹಾಕಿದ್ದೆ, ಗೇರಲ್ಲಿತ್ತು, ಅದಕ್ಕೆ ಮುಂದಿನ ಚಕ್ರ ಹಿಡ್ಕೊಂಡು ನಿಲ್ತು. ಟೂ ವೀಲಲ್ಲಿ ಆಗಿದ್ರೆ ನಾನೂ ಜೀಪೂ ಬೋರ್ಡೋನೂ ಹೊಳೇಲಿ.

ಹಿಂದಿನ ಆಕ್ಸಲ್, ಅಂದ್ರೆ ಹಿಂದಿನ ಎರಡು ಚಕ್ರ ಹೊತ್ತು ತಿರುಗಿಸೋ ಪೂರಾ ಜೋಡಣೆ, ಈ ಜೀಪಿಗೆ ಡಾನಾ 44. ಒಳ್ಳೆ ಹೆಸರಿನ ಆಕ್ಸಲ್ಲು, 1940ರ ದಶಕದಿಂದ ಬಂದ ನಂಬರು, ಈಗ್ಲೂ ಅಮೆರಿಕದ ರ‍್ಯಾಂಗ್ಲರ್ ರೂಬಿಕಾನಲ್ಲಿ ಅದೇ ಹೆಸರು ಓಡ್ತಿದೆ. ಒಳಗಿನ ದೊಡ್ಡ ಹಲ್ಲಿನ ಚಕ್ರ, ಕ್ರೌನು, ಎಂಟೂವರೆ ಇಂಚು, ಅದಕ್ಕೇನೂ ಆಗಿರ್ಲಿಲ್ಲ. ಮುರಿದಿದ್ದು ಶಾಫ್ಟಿನ ತುದಿ. ಹಳೇ ಸಿಜೆಯಲ್ಲಿ ಶಾಫ್ಟೂ ಹಬ್ಬೂ (ಚಕ್ರ ಬೋಲ್ಟ್ ಆಗೋ ಭಾಗ) ಬೇರೆ ಬೇರೆ, ಶಾಫ್ಟಿನ ತುದಿ ಟೇಪರು, ಅಂದ್ರೆ ಹೋಗ್ತಾ ಹೋಗ್ತಾ ಸಣ್ಣ ಆಗುತ್ತೆ, ಅದರ ಮೇಲೆ ಹಬ್ಬು ಕೂರುತ್ತೆ, ನಡುವೆ ಹಬ್ಬು ಜಾರದಂಗೆ ಹಿಡಿಯೋ ಒಂದು ಕಬ್ಬಿಣದ ತುಂಡು, ಕೀ, ಮೇಲೆ ದೊಡ್ಡ ನಟ್ಟು. ಆ ನಟ್ಟನ್ನ ಕಡಿಮೆ ಅಂದ್ರೂ 150 ಅಡಿ-ಪೌಂಡು ಬಿಗಿ ಮಾಡ್ಬೇಕು, ನಮ್ಮೂರಲ್ಲಿ ಯಾರ ಹತ್ರ ಟಾರ್ಕ್ ರೆಂಚಿದೆ ಹೇಳಿ, ಪಾನಾಕ್ಕೆ ಪೈಪ್ ಹಾಕಿ ಹುಡುಗ ಒಬ್ಬ ಮೇಲೆ ಹತ್ತಿ ನಿಲ್ತಾನೆ ಅಷ್ಟೇ. ಸ್ವಲ್ಪ ಲೂಸಾದ್ರೂ ಹಬ್ಬು ಆಡುತ್ತೆ, ಕೀ ಕೂರೋ ಕಚ್ಚು ಅಗಲ ಆಗುತ್ತೆ, ಅಲ್ಲಿಂದ ಬಿರುಕು. ನನ್ನ ಮುರಿದ ತುಂಡಲ್ಲಿ ಸರಿಯಾಗಿ ಕಾಣ್ತಿತ್ತು: ಕೀ ಕಚ್ಚಿನ ಮೂಲೆಯಿಂದ ಶುರುವಾಗಿ ಅರ್ಧದಷ್ಟು ಹಳೇ ಬಿರುಕು, ತುಕ್ಕಿನ ಬಣ್ಣ, ಮಿಕ್ಕರ್ಧ ಮಾತ್ರ ಹೊಸ ಬೆಳ್ಳಿ ತರ ಹೊಳೀತಿತ್ತು. ಅಂದ್ರೆ ಆ ಬೇರಿನದ್ದು ಬರೀ ನೆಪ, ಯಾವಾಗಿಂದ ಅರ್ಧ ಮುರಿದಿತ್ತೋ ಏನೋ.

ಬಲಗಡೇದು ಮುರಿದಿರ್ಲಿಲ್ಲ, ಆದ್ರೆ ಎಳೆದು ನೋಡಿದ್ರೆ ಶಾಫ್ಟಿನ ಒಳತುದೀಲಿ ಕೊರೆದಿರೋ ಸ್ಪ್ಲೈನಿನ ಹಲ್ಲುಗಳು ನೆಟ್ಟಗಿಲ್ಲ, ಹಗ್ಗ ಹೊಸೆದಂಗೆ ಒಂದು ಕಡೆ ತಿರುಚಿಕೊಂಡಿವೆ. ಇದನ್ನ ನೋಡಿದ್ರೆ ಶಾಫ್ಟು ಬಿಸಾಕಿ, ಕೇಳೋಕೆ ಹೋಗ್ಬೇಡಿ.

ಆಮೇಲೆ ಶುರುವಾಯ್ತು ನೋಡಿ ಸಲಹೆ. ಊರಲ್ಲಿ ಒಬ್ರು, ದೊಡ್ಡ ಆಕ್ಸಲ್ ಹಾಕ್ಸು ಮಾರಾಯ, ಟಾಟಾ 407 ಲಾರೀದು ಗುಜರೀಲಿ ಸಿಗುತ್ತೆ, ಜನ್ಮದಲ್ಲಿ ಮುರಿಯಲ್ಲ ಅಂದ್ರು. ಮುರಿಯಲ್ಲ ನಿಜ. 407ನದು ಫುಲ್ ಫ್ಲೋಟಿಂಗು, ಅಂದ್ರೆ ಗಾಡಿ ತೂಕ ಪೂರಾ ಹೌಸಿಂಗಿನ (ಆಕ್ಸಲ್ಲಿನ ಹೊರಗಿನ ಕವಚ) ಮೇಲೆ, ಶಾಫ್ಟಿಗೆ ತಿರುಗಿಸೋ ಕೆಲಸ ಮಾತ್ರ, ಮುರಿದ್ರೂ ಚಕ್ರ ಕಳಚಲ್ಲ, ಜಾಕ್ ಹಾಕ್ದೇನೇ ಶಾಫ್ಟ್ ಎಳೀಬಹುದು. ನಮ್ದು ಸೆಮಿ ಫ್ಲೋಟಿಂಗು, ಶಾಫ್ಟೇ ತೂಕಾನೂ ಹೊರಬೇಕು ಚಕ್ರಾನೂ ತಿರುಗಿಸಬೇಕು. ತಮಾಷೆ ಅಂದ್ರೆ ಯುದ್ಧದ ಕಾಲದ ವಿಲ್ಲೀಸ್ ಎಂಬಿ ಜೀಪಿಗೆ ಹಿಂದೆ ಫುಲ್ ಫ್ಲೋಟಿಂಗೇ ಇತ್ತು, ಸಿವಿಲಿಯನ್ ಸಿಜೆ ಬಂದ ಸ್ವಲ್ಪ ದಿನಕ್ಕೆ ತೆಗೆದು ಸೆಮಿ ಮಾಡಿದ್ರು.

ಆಸೆ ಆಯ್ತು, ಸುಳ್ಳು ಹೇಳಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲಿ ಎರಡು ಕಡೆ ವಿಚಾರಿಸಿದೆ. ಮೊದಲ್ನೇ ಗ್ಯಾರೇಜಿನೋನು (ಹೆಸರು ಬೇಡ) ಜೀಪ್ ನೋಡ್ದೇನೇ, ಬಿಡಿ ಸಾರ್ ನಾಲ್ಕು ದಿನದಲ್ಲಿ ಕೂರಿಸಿ ಕೊಡ್ತೀನಿ, ಇಲ್ಲಾ ಅಂದ್ರೆ ಹಳೇ ಶಾಫ್ಟಿಗೇ ಫ್ಲೇಂಜ್ (ಚಕ್ರ ಬೋಲ್ಟ್ ಆಗೋ ತಟ್ಟೆ) ವೆಲ್ಡ್ ಹೊಡೆದು ಕೊಡ್ತೀನಿ, ಅರ್ಧ ದುಡ್ಡಿಗೆ ಆಗುತ್ತೆ ಅಂದ. ಶಾಫ್ಟಿಗೆ ವೆಲ್ಡಿಂಗ್! ಕಾಯಿಸಿ ತಣಿಸಿ ಹದ ಮಾಡಿರೋ ಕಬ್ಬಿಣಕ್ಕೆ ವೆಲ್ಡಿಂಗ್ ಬಿಸಿ ಬಿದ್ರೆ ಆ ಜಾಗದ ಹದ ಹೋಯ್ತು, ಪಕ್ಕದಲ್ಲೇ ಮುರಿಯುತ್ತೆ. ನಮಸ್ಕಾರ ಹಾಕಿ ಬಂದೆ.

ಎರಡ್ನೇದು ಒಂದು ಸಣ್ಣ ಗ್ಯಾರೇಜು, ಬೋರ್ಡೂ ಇಲ್ಲ, ವಯಸ್ಸಾದ ಸಾಬ್ರು ಒಬ್ರು ಮತ್ತೆ ಅವರ ಮಗ, ಪಕ್ಕದಲ್ಲೇ ಲೇತು. ಈ ರಿವ್ಯೂ ಅವರದ್ದೇ. ನಾನು 407 ಅಂದ ತಕ್ಷಣ ಟೀ ಲೋಟ ಕೆಳಗಿಟ್ಟು, "ಗೌಡ್ರೇ, ನಿಮ್ಗೆ ಬೇಕಿರೋದು ಗಟ್ಟಿನೋ ತೂಕಾನೋ?" ಅಂದ್ರು. ಆಮೇಲೆ ಅರ್ಧ ಗಂಟೆ ಪಾಠ. ರೇಶಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದು, ಮೊದಲ್ನೇ ಮಾತು. ನಮ್ಮ ಜೀಪಲ್ಲಿ ಮುಂದೆ ಹಿಂದೆ ಎರಡೂ 5.38, ಅಂದ್ರೆ ಕ್ರೌನನ್ನ ತಿರುಗಿಸೋ ಸಣ್ಣ ಪಿನಿಯನ್ 8 ಹಲ್ಲು ಕ್ರೌನ್ 43 ಹಲ್ಲು. ಹಿಂದೆ ಬೇರೆ ರೇಶಿಯೋ ಹಾಕಿ ಫೋರ್ ವೀಲ್ ಒತ್ತಿದ್ರೆ ಎರಡೂ ಆಕ್ಸಲ್ ಹಗ್ಗಜಗ್ಗಾಟ ಆಡಿ ಟ್ರಾನ್ಸ್‌ಫರ್ ಕೇಸ್ ಕಿತ್ಕೊಂಡು ಬರುತ್ತೆ. ಆಮೇಲೆ ಗುಂಡು, ಅಂದ್ರೆ ಕ್ರೌನೂ ಡಿಫರೆನ್ಷಿಯಲ್ಲೂ (ಎರಡು ಚಕ್ರಕ್ಕೆ ಬಲ ಹಂಚೋ ಗೇರು) ಒಳಗಿರೋ ಆಕ್ಸಲ್ಲಿನ ಉಬ್ಬು. ಸಿಜೆಯಲ್ಲಿ ಡಿಫರೆನ್ಷಿಯಲ್ ಗುಂಡು ನಡುಮಧ್ಯ ಇಲ್ಲ, ಒಂದು ಪಕ್ಕಕ್ಕಿದೆ, ಯಾಕಂದ್ರೆ ಟ್ರಾನ್ಸ್‌ಫರ್ ಕೇಸಿಂದ ಶಾಫ್ಟ್ ಹೊರಡೋದೇ ಪಕ್ಕದಿಂದ. ನಡುವೆ ಗುಂಡಿರೋ ಲಾರಿ ಆಕ್ಸಲ್ ತಂದು ಕೂರಿಸಿದ್ರೆ ಪ್ರೊಪೆಲ್ಲರ್ ಶಾಫ್ಟ್ ಸೊಟ್ಟಗೆ ನಿಂತು ತಿಂಗಳಿಗೊಂದು ಜಾಯಿಂಟ್ ಕ್ರಾಸ್ (ಶಾಫ್ಟಿನ ಕೀಲು) ತಿನ್ನುತ್ತೆ. ಗುಂಡು ದೊಡ್ಡದಾದ್ರೆ ನೆಲಕ್ಕೂ ಹತ್ರ, ನಮ್ಮ ದಾರೀಲಿ ನಡುವಿನ ದಿಣ್ಣೆಗೆ ಉಳುಮೆ ಮಾಡ್ಕೊಂಡು ಹೋಗ್ಬೇಕು. ಚಕ್ರದ ಸ್ಟಡ್ಡೂ ಬೇರೆ, ಸ್ಟೆಪ್ನಿ ಎರಡು ತರದ್ದು ಇಟ್ಕೊಂಡು ತಿರುಗಬೇಕಾ?

ಇನ್ನೊಂದು, ನೆನಪಿಟ್ಕೊಳಿ: ಆಕ್ಸಲ್ಲನ್ನೇ ಬೇರೆ ಗಾಡಿದು ಹಾಕಿದ್ರೆ ಅದು ಮಾಡಿಫಿಕೇಶನ್. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಸ್ಪೆಸಿಫಿಕೇಶನ್ ಬಿಟ್ಟು ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಆರ್‌ಸಿ ರಿನೀವಲ್ಲಿಗೆ ಹೋದಾಗ ಇನ್‌ಸ್ಪೆಕ್ಟರ್ ಕೆಳಗೆ ಬಗ್ಗಿದ್ರೆ ಕತೆ ಬೇರೆ.

ಸಾಬ್ರ ಲೆಕ್ಕ ಸರಳ: ಎಲ್ಲಿ ಮುರೀತೋ ಅಲ್ಲಿ ಗಟ್ಟಿ ಮಾಡು, ಮುರೀದೆ ಇರೋದನ್ನ ಮುಟ್ಬೇಡ. ಹೌಸಿಂಗು, ಕ್ರೌನು ಅವೇ ಇರ್ಲಿ, ಶಾಫ್ಟ್ ಮಾತ್ರ ಒಂದೇ ಪೀಸಿನ ಫ್ಲೇಂಜ್ ಶಾಫ್ಟ್ ಹಾಕೋಣ. ಅಂದ್ರೆ ಹಬ್ಬು ಶಾಫ್ಟು ಎರಡೂ ಒಂದೇ ಫೋರ್ಜಿಂಗು, ಟೇಪರೂ ಇಲ್ಲ, ಕೀನೂ ಇಲ್ಲ, ಮುರಿಯೋಕೆ ಆ ಮೂಲೇನೇ ಇಲ್ಲ. ಬೇರಿಂಗ್ ಪ್ರೆಸ್ ಮಾಡಿ ಹೊರಗಿಂದ ರಿಟೇನರ್ ಪ್ಲೇಟು. ಸೆಮಿ ಫ್ಲೋಟಿಂಗೇ ಆಗಿ ಉಳಿಯುತ್ತೆ, ಅದನ್ನ ಅವರೇ ಹೇಳಿದ್ರು, ಮುಚ್ಚಿಡ್ಲಿಲ್ಲ.

ಶಾಫ್ಟ್ ತರಿಸೋ ಮೊದ್ಲು ಹಲ್ಲು ಎಣಿಸಿ. ಹಳೇ 44ರಲ್ಲಿ 10 ಸ್ಪ್ಲೈನಿಂದೂ ಇದೆ, 19ದೂ ಇದೆ, ಆಮೇಲಿನದ್ದು 30. ನಂದು 19 ಇತ್ತು. ಫೋನಲ್ಲಿ ಜೀಪ್ ಶಾಫ್ಟು ಅಂತ ಆರ್ಡರ್ ಕೊಟ್ರೆ ಏನು ಬರುತ್ತೆ ಅಂತ ದೇವರೇ ಬಲ್ಲ. ಲೇತಲ್ಲಿ ಇಎನ್ 24 ಅನ್ನೋ ಗಟ್ಟಿ ಕಬ್ಬಿಣ ತಿರುವಿ ಮಾಡ್ಕೊಡ್ತೀವಿ ಅಂತಾನೂ ಇದ್ದಾರೆ, ಹದ ಸರಿಯಾಗಿ ಮಾಡ್ಸಿದ್ರೆ ಒಳ್ಳೇದೇ, ಮಾಡ್ಸದೆ ಹಂಗೇ ಹಾಕಿದ್ರೆ ಅದೂ ನನ್ನ ಹಳೇ ಬಲಗಡೆ ಶಾಫ್ಟಿನ ತರ ಹುರಿಗೊಳ್ಳುತ್ತೆ. ದಪ್ಪದ ಬಗ್ಗೆ ಸಾಬ್ರ ಮಗ ಒಂದು ಹೇಳ್ದ, ಅವನು ಡಿಪ್ಲೊಮಾ ಓದಿದಾನೆ: ಶಾಫ್ಟಿನ ಬಲ ದಪ್ಪದ ಘನಕ್ಕೆ ಹೋಗುತ್ತಂತೆ, ಶೇಕಡ 10 ದಪ್ಪ ಜಾಸ್ತಿ ಆದ್ರೆ ಬಲ ಶೇಕಡ 33 ಜಾಸ್ತಿ. ಅದಕ್ಕೇ ಟೇಪರು ಸಣ್ಣ ಆಗೋ ಜಾಗದಲ್ಲಿ ಕೀಗೆ ಕಚ್ಚು ಬೇರೆ ಕೊರೆದ್ರೆ ಉಳಿಯೋದೇನು.

ಅದೇ ಹುಡುಗ ಇನ್ನೊಂದು ಲೆಕ್ಕ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ತೋರ್ಸಿದ. ಗೇರ್‌ಬಾಕ್ಸ್ ಫಸ್ಟ್ 2.8, ಟ್ರಾನ್ಸ್‌ಫರ್ ಲೋ 2.46, ಕ್ರೌನು 5.38, ಗುಣಿಸಿದ್ರೆ 37. ಇಂಜಿನ್ ತಿರುಚೋದು ಆಕ್ಸಲ್ಲಿಗೆ ಬರೋವಾಗ 37 ಪಟ್ಟು. ಇಂಜಿನ್ ಮುದುಕ ಆದ್ರೇನು, ಲೋ ಗೇರಲ್ಲಿ ಅದು ಆನೇನೇ. ಅದರ ಮೇಲೆ ನಾವು 6.00-16 ಟಯರು ತೆಗೆದು 7.50-16 ಹಾಕ್ಕೊಂಡು ಮೆರೀತೀವಿ, ಟಯರ್ ದೊಡ್ಡದಾದಷ್ಟೂ ಶಾಫ್ಟಿಗೆ ಭಾರ. ನಾನೂ ಹಾಕಿದ್ದೆ. ಬಿಡೋಕೆ ಮನಸಿಲ್ಲ, ಈಗ್ಲೂ ಅದೇ ಇದೆ.

ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗೋ ಹಂಗೆ ಡಿಫರೆನ್ಷಿಯಲ್ ಲಾಕ್ ಮಾಡೋದು) ಹಾಕ್ಸಬೇಕಾ ಅಂತ ತುಂಬಾ ಜನ ಕೇಳ್ತಾರೆ. 2015ರ ಮಹೀಂದ್ರ ಥಾರಿಗೆ ಈಟನ್ ಲಾಕಿಂಗ್ ಡಿಫರೆನ್ಷಿಯಲ್ ಕಂಪನೀನೇ ಕೊಡ್ತಿತ್ತು, ಈಗಿನ ಫೋರ್ಸ್ ಗೂರ್ಖಾಕ್ಕೆ ಮುಂದೆ ಹಿಂದೆ ಎರಡೂ ಕಡೆ ಲಾಕಿದೆ, ಕೆಸರಲ್ಲಿ ಅದರ ಮಜಾನೇ ಬೇರೆ, ಒಪ್ತೀನಿ. ಆದ್ರೆ ಲಾಕ್ ಇಲ್ಲದಾಗ ಒಂದು ಚಕ್ರ ಜಾರಿದ್ರೆ ಇನ್ನೊಂದಕ್ಕೂ ಬಲ ಹೋಗಲ್ಲ, ಅದೇ ಒಂದು ತರ ಫ್ಯೂಸ್ ಇದ್ದಂಗೆ. ಲಾಕ್ ಹಾಕಿದ್ರೆ ಹಿಂದಿನ ಬಲ ಪೂರಾ ಹಿಡಿತ ಇರೋ ಒಂದೇ ಶಾಫ್ಟಿಗೆ ಬರಬಹುದು. ಹಳೇ ಟೇಪರ್ ಶಾಫ್ಟ್ ಇಟ್ಕೊಂಡು ಲಾಕರಿಗೆ ದುಡ್ಡು ಸುರಿಯೋರನ್ನ ನೋಡಿದ್ರೆ ನಂಗೆ ಪಾಪ ಅನ್ಸುತ್ತೆ.

ಕೆಲಸದ ಬಗ್ಗೆ. ಸಾಬ್ರೂ ನಾಲ್ಕು ದಿನ ಅಂದಿದ್ರು, 11 ದಿನ ಆಯ್ತು, ಶಾಫ್ಟ್ ಬರೋಕೇ ಆರು ದಿನ. ಫೋನ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೆ "ನಾಳೆ ಬನ್ನಿ ಗೌಡ್ರೇ". ನಿಟ್ಟೂರಿಂದ ಶಿವಮೊಗ್ಗಕ್ಕೆ ನಾಳೆ ಬನ್ನಿ ಅಂದ್ರೆ ಏನು ತಮಾಷೇನಾ! ಎರಡು ಸಲ ಬಸ್ಸಲ್ಲಿ ಹೋಗಿ ವಾಪಸ್ ಬಂದೆ. ಶಾಫ್ಟು, ಬೇರಿಂಗು, ಸೀಲು, ಲೇತ್ ಕೆಲಸ, ಮಜೂರಿ ಎಲ್ಲ ಸೇರಿ 38,000 ಆಯ್ತು, ಹೇಳಿದ್ದಕ್ಕಿಂತ ಮೂರು ಸಾವಿರ ಜಾಸ್ತಿ.

ಆದ್ರೆ ಕೈಕೆಲಸ ನೋಡ್ಬೇಕು. ಹೇಗೂ ಬಿಚ್ಚಿದೀವಿ ಅಂತ ಕ್ರೌನಿನ ಹಲ್ಲಿಗೆ ನೀಲಿ ಹಚ್ಚಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತೆ ನೋಡಿದ್ರು, ಡಯಲ್ ಗೇಜ್ ಇಟ್ಟು ಹಲ್ಲಿನ ಪ್ಲೇ (ಸಡಿಲ) ಆರೇಳು ಥೌ (ಇಂಚಿನ ಸಾವಿರದ ಒಂದು ಭಾಗ) ಇದೆ, ಸಾಕು, ಮುಟ್ಟಲ್ಲ ಅಂದ್ರು. ಹಳೇ ಹಬ್ ತೆಗೆಯೋವಾಗ ಸುತ್ತಿಗೆ ಮುಟ್ಲಿಲ್ಲ, ಪುಲ್ಲರ್ ಹಾಕಿ ಬಿಗಿ ಮಾಡಿ ಟೀ ಕುಡಿಯೋಕೆ ಹೋದ್ರು, ವಾಪಸ್ ಬರೋದ್ರೊಳಗೆ ಢಬ್ ಅಂತ ತಾನೇ ಬಿಟ್ಕೊಂಡಿತ್ತು. ನಮ್ಮೂರಲ್ಲಾಗಿದ್ರೆ ಶಾಫ್ಟಿನ ತಲೆಗೇ ಹೊಡೆದು ಒಳಗೆ ಎರಡು ಶಾಫ್ಟಿನ ನಡುವೆ ಇರೋ ಥ್ರಸ್ಟ್ ಬ್ಲಾಕ್ ಪುಡಿ ಮಾಡ್ತಿದ್ರು. ಹೊಸ ಶಾಫ್ಟಿನ ಉದ್ದಕ್ಕೂ ಬಿಳಿ ಪೇಂಟಲ್ಲಿ ಒಂದು ನೆಟ್ಟ ಗೆರೆ ಎಳೆದು ಕೂರಿಸಿದಾರೆ, ಮುಂದೆ ಯಾವಾಗ್ಲಾದ್ರೂ ಎಳೆದು ನೋಡಿದಾಗ ಗೆರೆ ಸೊಟ್ಟಗಾಗಿದ್ರೆ ಶಾಫ್ಟ್ ತಿರುಚಿದೆ ಅಂತ ಅರ್ಥ. ಹಿಂದಿನ ಮಳೆಗಾಲ ಆದ್ಮೇಲೆ ಎಳೆದು ನೋಡಿದೆ, ಗೆರೆ ಹಂಗೇ ಇತ್ತು. ಬ್ರೇಕ್ ಶೂ ಬದಲಾಯಿಸೋಕೂ ಈಗ ಪುಲ್ಲರ್ ಬೇಡ, ಚಕ್ರ ಬಿಚ್ಚಿ ಡ್ರಮ್ ಎಳೆದ್ರೆ ಬಂತು. ಇದೊಂದಕ್ಕೇ ಅರ್ಧ ದುಡ್ಡು ವಸೂಲಾಯ್ತು ಅನ್ಸುತ್ತೆ ನಂಗೆ.

ಬ್ರೀದರನ್ನೂ ಅವರೇ ನೋಡಿ ಹೇಳಿದ್ದು. ಆಕ್ಸಲ್ ಮೇಲಿನ ಆ ಸಣ್ಣ ಮುಚ್ಚಳ ಕೆಸರಲ್ಲಿ ಕಟ್ಟಿ ಹೋಗಿತ್ತು. ಬಿಸಿಯಾದ ಆಕ್ಸಲ್ ಹೊಳೆಗಿಳಿದ್ರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತೆ, ಬ್ರೀದರ್ ಕಟ್ಟಿದ್ರೆ ಸೀಲ್ ಸಂದೀಂದ ನೀರು ಎಳ್ಕೊಳ್ಳುತ್ತೆ. ಡ್ರೈನ್ ಬಿಚ್ಚಿದಾಗ ಬಂದ ಆಯಿಲ್ಲು ಥೇಟ್ ಹಾಲು ಜಾಸ್ತಿಯಾದ ಕಾಫಿ. ಈಗ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಚಾಸಿಸ್ ಮೇಲಕ್ಕೆ ತಂದು ಕಟ್ಟಿದಾರೆ, ನಲವತ್ತು ರೂಪಾಯಿ ಕೆಲಸ, ಹೊಸ ಇಪಿ 90 ಗೇರ್ ಆಯಿಲ್ ತುಂಬಿದ ಮೇಲೆ ಎರಡು ಮಳೆಗಾಲದಲ್ಲಿ ಬಣ್ಣ ಬದಲಾಗಿಲ್ಲ. ನಿಮ್ಮ ಜೀಪಿಗೆ ಬೇರೇನೂ ಮಾಡಿಸದೇ ಇದ್ರೂ ಇದೊಂದು ಮಾಡ್ಸಿ.

ತಕರಾರು ಒಂದೇ, ಎಡಗಡೆ ಆಯಿಲ್ ಸೀಲು. ಸೀಲ್ ಕೂರೋ ಜಾಗದಲ್ಲಿ ಲೇತ್ ಫಿನಿಶಿಂಗ್ ಒರಟಾಗಿದೆ, ಉಗುರು ಆಡಿಸಿದ್ರೆ ಗೊತ್ತಾಗುತ್ತೆ, ಆರು ತಿಂಗಳಿಗೆ ಸೀಲ್ ತುಟಿ ಸವೆದು ಆಯಿಲ್ ಬ್ರೇಕ್ ಶೂಗೆ ಇಳೀತು. ತಗೊಂಡ್ಹೋದೆ, ದುಡ್ಡು ತಗೊಳ್ದೇ ಪಾಲಿಶ್ ಮಾಡಿ ಹೊಸ ಸೀಲ್ ಹಾಕಿದ್ರು, ಆದ್ರೂ ಪೂರ್ತಿ ನಿಂತಿಲ್ಲ, ವಾರಕ್ಕೊಂದು ಹನಿ ಬೀಳ್ತಿದೆ. ಕೊಯ್ಲು ಮುಗೀಲಿ ಅಂತ ಕಾಯ್ತಿದೀನಿ, ಮತ್ತೆ ಒಂದ್ಸಲ ಹೋಗಿ "ನಾಳೆ ಬನ್ನಿ" ಕೇಳ್ಕೊಂಡು ಬರ್ಬೇಕು.