ಸ್ವಾಟ್, ಓಕೆಆರ್, ಥಿಯರಿ ಆಫ್ ಚೇಂಜ್, ಮ್ಯಾಟ್ರಿಕ್ಸ್ ಮ್ಯಾಪ್: ನಮ್ಮ ಪುಸ್ತಕ ಕಲೆ ಸಂಘ ನಾಲ್ಕನ್ನೂ ಮಾಡಿ ನೋಡಿದ ಕಥೆ

ಪುಸ್ತಕ ಕಲೆ ಕಲಿಸೋರ ಒಂದು ಸಣ್ಣ ಸಂಘದ ಕಾರ್ಯಕಾರಿ ಸಮಿತೀಲಿ ಒಂಬತ್ತು ವರ್ಷದಿಂದ ಇದೀನಿ. ಬೈಂಡಿಂಗ್ ಹೇಳ್ಕೊಡೋರು, ಅಚ್ಚುಮೊಳೆ ಜೋಡಿಸಿ ಲೆಟರ್‌ಪ್ರೆಸ್ ಕಲಿಸೋರು, ಕೈಯಲ್ಲಿ ಕಾಗದ ಮಾಡೋರು, ಲೈಬ್ರರಿಯವರು, ಸ್ಕೂಲ್ ಟೀಚರ್‌ಗಳು ಎಲ್ಲ ಇರೋ ಸಂಘ. ಸಂಬಳ ತಗೊಳೋರು ಒಬ್ರೇ, ಅದೂ ಅರ್ಧ ದಿನದ ಕೆಲ್ಸ, ಮಿಕ್ಕಿದ್ದೆಲ್ಲ ನಾವು ನಾವೇ ರಾತ್ರಿ, ಭಾನುವಾರ ಅಂತ ಟೈಮ್ ಮಾಡ್ಕೊಂಡು ಎಳ್ಕೊಂಡು ಹೋಗೋದು. ಇಷ್ಟು ಸಣ್ಣದಕ್ಕೂ ಸ್ಟ್ರಾಟೆಜಿಕ್ ಪ್ಲಾನ್ ಬೇಕಾ ಅಂದ್ರೆ ಬೇಕು, ಯಾಕಂದ್ರೆ ಅದಿಲ್ದಿದ್ರೆ ಮೀಟಿಂಗಲ್ಲಿ ಯಾರ ಗಂಟಲು ದೊಡ್ಡದೋ ಅವರ ಐಡಿಯಾನೇ ಪ್ಲಾನ್ ಆಗೋಗುತ್ತೆ. ಈ ಒಂಬತ್ತು ವರ್ಷದಲ್ಲಿ ನಾಲ್ಕು ವಿಧಾನ ಮಾಡಿ ನೋಡಿದೀವಿ, ಯಾವುದು ನಿಂತಿತು ಯಾವುದು ಬಿತ್ತು ಅಂತ ಬರೀತೀನಿ.

ಮೊದಲನೇದು ಎಲ್ರೂ ಮಾಡೋದೇ, ಸ್ವಾಟ್ ಮಾಡಿ ಐದು ವರ್ಷದ ಪ್ಲಾನ್ ಬರೆಯೋದು. 1960ರ ದಶಕದ ಕಾರ್ಪೊರೇಟ್ ಪ್ಲಾನಿಂಗ್ ಕಾಲದ ಪದ್ಧತಿ ಇದು: ನಮ್ಮ ಬಲ ಏನು, ದೌರ್ಬಲ್ಯ ಏನು, ಅವಕಾಶ ಏನು, ಅಪಾಯ ಏನು. ಹೊರಗಿಂದ ಒಬ್ರು ಫೆಸಿಲಿಟೇಟರ್ ಬಂದ್ರು, ಎರಡು ದಿನ ಗೋಡೆ ತುಂಬ ಚೀಟಿ ಅಂಟಿಸಿದ್ವಿ. ಬಲದ ಕಾಲಂನಲ್ಲಿ "ನಮ್ಮ ಪ್ಯಾಷನ್" ಅಂತ ಹನ್ನೊಂದು ಚೀಟಿ, ಅಪಾಯದ ಕಾಲಂನಲ್ಲಿ "ಡಿಜಿಟಲ್" ಅಂತ ಒಂಬತ್ತು ಚೀಟಿ. ಇದನ್ನಿಟ್ಕೊಂಡು ಏನ್ ಮಾಡೋಕಾಗುತ್ತೆ ನೀವೇ ಹೇಳಿ. ಕೊನೇಲಿ 34 ಪುಟದ ಡಾಕ್ಯುಮೆಂಟ್ ಬಂತು, ಏಳು ಗುರಿ, ನಲವತ್ತೊಂದು ಕೆಲ್ಸ, ಯಾವ ಕೆಲ್ಸದ ಮುಂದೆನೂ ಒಬ್ಬರ ಹೆಸರಿಲ್ಲ. ನಮ್ಮ ಸಮಿತಿ ಅವಧಿ ಮೂರು ವರ್ಷ, ಪ್ಲಾನ್ ಐದು ವರ್ಷದ್ದು, ಹಂಗಾಗಿ ಮೂರನೇ ವರ್ಷಕ್ಕೆ ಬಂದ ಹೊಸ ಖಜಾಂಚಿ ಅದನ್ನ ಫೈಲಲ್ಲಿ ನೋಡಿ "ಇದು ನಮ್ ಸಂಘದ್ದೇನಾ?" ಅಂತ ಕೇಳಿದ್ರು. ಅಲ್ಲಿಗೆ ಮುಗೀತು.

ಆದ್ರೂ ಆ ಎರಡು ದಿನ ಪೂರ್ತಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಂತ ಹೇಳಲ್ಲ. ಸ್ಕೂಲ್ ಟೀಚರ್‌ಗಳ ಹತ್ರ ಪುಸ್ತಕ ಒತ್ತಿಡೋ ಪ್ರೆಸ್ಸೇ ಇಲ್ಲ, ಇಟ್ಟಿಗೆಗೆ ಕಾಗದ ಸುತ್ತಿ ಅದನ್ನೇ ಭಾರ ಇಟ್ಟು ಬೈಂಡಿಂಗ್ ಒಣಗಿಸ್ತಾರೆ ಅಂತ ನಮ್ಮ ಲೆಟರ್‌ಪ್ರೆಸ್ ಮಂದಿಗೆ ಗೊತ್ತಾಗಿದ್ದೇ ಅವತ್ತು. ಜನ ಒಬ್ಬರನ್ನೊಬ್ರು ಕೇಳಿಸ್ಕೊಳೋಕೆ ಸ್ವಾಟ್ ಚೆನ್ನಾಗಿದೆ, ತೀರ್ಮಾನ ತಗೊಳೋಕಲ್ಲ.

ಆಮೇಲೆ ಓಕೆಆರ್, ಅಂದ್ರೆ ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್, ಗುರಿ ಮತ್ತೆ ಮುಖ್ಯ ಫಲಿತಾಂಶ. ಸಾಫ್ಟ್‌ವೇರ್ ಕಂಪನಿಲಿರೋ ಒಬ್ರು ಸಮಿತಿಗೆ ಬಂದ್ರು, ಅವರು ತಂದಿದ್ದು. 1970ರ ದಶಕದಲ್ಲಿ ಇಂಟೆಲ್‌ನಲ್ಲಿ ಆಂಡಿ ಗ್ರೋವ್ ಬೆಳೆಸಿದ ಪದ್ಧತಿ, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಅದನ್ನ ಗೂಗಲ್‌ಗೆ ಹೇಳ್ಕೊಟ್ರು. ಒಂದು ಗುರಿ, ಅದರ ಕೆಳಗೆ ಅಳೆಯೋಕಾಗೋ ಮೂರ್ನಾಲ್ಕು ಫಲಿತಾಂಶ, ಮೂರು ತಿಂಗಳಿಗೊಮ್ಮೆ ಸೊನ್ನೆಯಿಂದ ಒಂದರವರೆಗೆ ಮಾರ್ಕ್ಸ್. ನಮಗಂತೂ ಮೂಗಿಗಿಂತ ಮೂಗುತಿ ಭಾರ ಆಯ್ತು. ಮೂರು ತಿಂಗಳಲ್ಲಿ ಸಮಿತಿ ಸೇರೋದೇ ಎರಡು ಸಲ, ಅದ್ರಲ್ಲಿ ಒಂದು ಸಲ ಪೂರ್ತಿ ಮಾರ್ಕ್ಸ್ ಹಾಕೋದ್ರಲ್ಲೇ ಹೋಗ್ತಿತ್ತು. ಇನ್ನೊಂದು, ಅಳೆಯೋಕೆ ಸುಲಭ ಅಂತ ವರ್ಕ್‌ಶಾಪ್‌ಗೆ ಬಂದ ಜನರ ಸಂಖ್ಯೆನೇ ಬರ್ಕೊಂಡ್ವಿ, ಸಂಖ್ಯೆ ಏರಿಸ್ಬೇಕಲ್ಲ ಅಂತ ಆರು ಜನ ಕೂರೋ ಜಾಗದಲ್ಲಿ ಹತ್ತು ಜನನ್ನ ಕೂರಿಸಿದ್ವಿ, ಮಾರ್ಕ್ಸ್ 0.9 ಬಂತು, ಕ್ಲಾಸ್ ಕೆಟ್ಟೋಯ್ತು. ಒಂದು ವರ್ಷ ಆದ್ಮೇಲೆ ಬಿಟ್ಬಿಟ್ವಿ. ಅದ್ರಿಂದ ಉಳ್ಕೊಂಡಿದ್ದು ಒಂದೇ ಅಭ್ಯಾಸ, ಪ್ರತಿ ಕೆಲ್ಸದ ಮುಂದೆ ಒಬ್ಬರ ಹೆಸರು ಬರೆಯೋದು, "ಸಮಿತಿ" ಅಂತ ಬರೆಯಂಗಿಲ್ಲ.

ಮೂರನೇದು ಥಿಯರಿ ಆಫ್ ಚೇಂಜ್. ಕ್ಯಾರಲ್ ವೈಸ್ ಅಂತ ಮೌಲ್ಯಮಾಪನದ ವಿದ್ವಾಂಸೆ, 1995ರಲ್ಲಿ ಆಸ್ಪೆನ್ ಇನ್‌ಸ್ಟಿಟ್ಯೂಟ್‌ಗೆ ಬರೆದಿದ್ದರಿಂದ ಈ ಹೆಸರು ಜನಪ್ರಿಯ ಆಯ್ತು. ಇಲ್ಲಿ ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬರ್ಬೇಕು. ಕೊನೇಲಿ ಏನು ಬದಲಾಗಿರ್ಬೇಕು, ಅದಕ್ಕೆ ಮುಂಚೆ ಏನಾಗಿರ್ಬೇಕು, ಅದಕ್ಕೂ ಮುಂಚೆ ಏನು ಅಂತ ಒಂದರಿಂದ ಒಂದಕ್ಕೆ ಬಾಣ ಹಾಕಿ ಚಿತ್ರ ಬರೀಬೇಕು, ಮತ್ತೆ ಪ್ರತಿ ಬಾಣದ ಹಿಂದೆ ನಾವು ಏನನ್ನ ಸುಮ್ನೆ ನಂಬ್ಕೊಂಡಿದೀವಿ ಅಂತನೂ ಬರೀಬೇಕು. ನಮ್ಮ ಕೊನೆ ಗುರಿ ಏನು ಅಂತ ಒಪ್ಕೊಳೋಕೇ ಎರಡು ಮೀಟಿಂಗ್ ಹೋಯ್ತು, ಕೊನೆಗೆ ನಿಂತಿದ್ದು ಇದು: ಮಾಮೂಲಿ ಕ್ಲಾಸ್‌ರೂಮಲ್ಲಿ ಮಾಮೂಲಿ ಟೀಚರ್ ನಮ್ಮ ಸಹಾಯ ಇಲ್ದೇನೇ ಮಕ್ಕಳ ಕೈಲಿ ಪುಸ್ತಕ ಮಾಡಿಸ್ಬೇಕು.

ಅದನ್ನ ಬರೆದ ತಕ್ಷಣ ಮಿಕ್ಕಿದ್ದೆಲ್ಲ ತಲೆಕೆಳಗಾಯ್ತು. ಹಾಗಿದ್ರೆ ಟೀಚರ್‌ಗೆ ಹೇಳ್ಕೊಡ್ಬೇಕಾಗಿರೋದು ಸೂಜಿ, ದಾರ, ದಬ್ಬಣ, ಮಡಿಕೆ ಒತ್ತೋ ಬೋನ್ ಫೋಲ್ಡರ್ ಇಷ್ಟರಲ್ಲೇ ಆಗೋ ಸರಳ ವಿಧಾನಗಳು: ಪ್ಯಾಂಫ್ಲೆಟ್ ಹೊಲಿಗೆ, ಅಕಾರ್ಡಿಯನ್ ಮಡಿಕೆ, ಜಪಾನಿ ಬೈಂಡಿಂಗ್. ನಾವು ಅಲ್ಲಿವರೆಗೂ ಹೇಳ್ಕೊಡ್ತಿದ್ದಿದ್ದು ಹೊಲಿಗೆ ಫ್ರೇಮು, ಪ್ರೆಸ್ಸು ಎಲ್ಲ ಬೇಕಾಗೋ ದೊಡ್ಡ ಬೈಂಡಿಂಗ್. ಇನ್ನು ನಂಬಿಕೆಗಳ ಪಟ್ಟೀಲಿ "ಒಂದು ದಿನ ಕಲಿತ ಟೀಚರ್ ವಾಪಸ್ ಹೋಗಿ ಕ್ಲಾಸಲ್ಲಿ ಮಾಡಿಸ್ತಾರೆ" ಅಂತ ಒಂದು ಸಾಲಿತ್ತು. ಇಪ್ಪತ್ತು ಜನಕ್ಕೆ ಫೋನ್ ಮಾಡಿ ಕೇಳಿದ್ವಿ, ಮಾಡಿಸಿದ್ದು ಆರು ಜನ. ಇಷ್ಟು ವರ್ಷ ಆ ಫೋನ್ ಯಾಕೆ ಮಾಡ್ಲಿಲ್ಲ ಅಂತ ನಾಚಿಕೆ ಆಯ್ತು. ಗ್ರಾಂಟ್ ಅರ್ಜಿ ಬರೆಯೋಕೂ ಇದು ತುಂಬ ಅನುಕೂಲ, ಯಾಕೆ ಹೇಗೆ ಎರಡೂ ರೆಡಿ ಇರುತ್ತೆ. ಕೊರತೆ ಅಂದ್ರೆ ದುಡ್ಡು. ಬಾಣಗಳ ಚಿತ್ರ ಎಷ್ಟೇ ಚೆಂದ ಇರ್ಲಿ, ಇರೋ ಇಷ್ಟು ದುಡ್ಡಲ್ಲಿ ಯಾವುದನ್ನ ಬಿಡ್ಬೇಕು ಅಂತ ಅದು ಹೇಳಲ್ಲ.

ಅದನ್ನ ಹೇಳಿದ್ದು ಮ್ಯಾಟ್ರಿಕ್ಸ್ ಮ್ಯಾಪ್. ಜೀನ್ ಬೆಲ್, ಜ್ಯಾನ್ ಮಸಾವೊಕಾ, ಸ್ಟೀವ್ ಝಿಮ್ಮರ್‌ಮನ್ ಅನ್ನೋ ಮೂವರು ಲಾಭರಹಿತ ಸಂಸ್ಥೆಗಳಿಗೆ ಅಂತಲೇ ಮಾಡಿದ್ದು. ಸಂಘ ನಡೆಸೋ ಒಂದೊಂದು ಕಾರ್ಯಕ್ರಮವನ್ನೂ ಎರಡು ಅಳತೇಲಿ ನೋಡೋದು, ಉದ್ದೇಶಕ್ಕೆ ಎಷ್ಟು ಉಪಯೋಗ, ದುಡ್ಡು ತರುತ್ತಾ ತಿನ್ನುತ್ತಾ. ಎರಡೂ ಚೆನ್ನಾಗಿದ್ರೆ ನಕ್ಷತ್ರ, ಉಪಯೋಗ ಇದೆ ನಷ್ಟ ಅಂದ್ರೆ ಹೃದಯ, ದುಡ್ಡು ಮಾತ್ರ ತಂದ್ರೆ ದುಡ್ಡಿನ ಮರ, ಎರಡೂ ಇಲ್ದಿದ್ರೆ ಸ್ಟಾಪ್ ಬೋರ್ಡ್. ಕೇಳೋಕೆ ಸರಳ, ಲೆಕ್ಕ ಮಾಡೋಕೆ ಪ್ರಾಣ ಹೋಗುತ್ತೆ, ಯಾಕಂದ್ರೆ ಬಾಡಿಗೆ, ಕರೆಂಟು, ಆ ಅರ್ಧ ದಿನದ ಸಂಬಳ ಎಲ್ಲವನ್ನೂ ಒಂದೊಂದು ಕಾರ್ಯಕ್ರಮದ ತಲೆ ಮೇಲೆ ಹಂಚಿ ಹಾಕ್ಬೇಕು. ಹಂಚಿದ ಮೇಲೆ ನೋಡಿದ್ರೆ ನಕ್ಷತ್ರ ಅಂದ್ಕೊಂಡಿದ್ದ ಸಂಜೆ ಲೆಟರ್‌ಪ್ರೆಸ್ ಕೋರ್ಸ್ ಭಾರೀ ನಷ್ಟದಲ್ಲಿತ್ತು, ಇರೋ ಒಂದು ಮಷೀನಿಗೆ ಆರು ಜನಕ್ಕಿಂತ ಹೆಚ್ಚು ತಗೊಳಂಗಿಲ್ಲ, ರೋಲರ್ ಸವೆಯುತ್ತೆ, ಮೊಳೆ ಸವೆಯುತ್ತೆ. ಅದನ್ನ ಹೃದಯ ಅಂತ ಒಪ್ಕೊಂಡು ಉಳಿಸ್ಕೊಂಡ್ವಿ. ವಾರಾಂತ್ಯದ ಬೈಂಡಿಂಗ್ ಕ್ಲಾಸು ಯಾರೂ ಗಂಭೀರವಾಗಿ ತಗೊಳ್ದೇ ಇದ್ದಿದ್ದು, ಇಡೀ ಸಂಘನ ಸಾಕ್ತಿರೋದು ಅದೇ.

ಸ್ಟಾಪ್ ಬೋರ್ಡ್ ಮೂಲೆಗೆ ಬಿದ್ದಿದ್ದು ಯಾವುದು ಅಂತೀರಾ? ಊರೂರು ತಿರುಗೋ ಪ್ರದರ್ಶನ. ಅದನ್ನ ಶುರು ಮಾಡಿದ್ದೇ ನಾನು. ಪೆಟ್ಟಿಗೆ, ಇನ್ಶೂರೆನ್ಸ್, ಸಾಗಾಟ, ವರ್ಷದಲ್ಲಿ ಆರು ತಿಂಗಳು ಮೂರು ಜನ ಅದ್ರಲ್ಲೇ. ಸ್ವಲ್ಪ ಹೊತ್ತು ವಾದ ಮಾಡಿದೆ, ಆಮೇಲೆ ಸುಮ್ನಾದೆ. ಲೆಟರ್‌ಪ್ರೆಸ್ ಮಾಡಿದೋರಿಗೆ ಗೊತ್ತು, ಪ್ರಿಂಟ್ ಆದ್ಮೇಲೆ ಮೊಳೆ ಬಿಚ್ಚಿ ಕೇಸಿಗೆ ವಾಪಸ್ ಹಾಕ್ದೇ ಇದ್ರೆ ಮುಂದಿನ ಪುಟಕ್ಕೆ ಅಕ್ಷರ ಸಿಗಲ್ಲ.

ಈ ವಿಧಾನದಲ್ಲೂ ಒಂದು ಓರೆ ಇದೆ, ಉಪಯೋಗದ ಮಾರ್ಕ್ಸ್ ಹಾಕೋವಾಗ ಎಲ್ರೂ ತಮ್ಮ ಕಾರ್ಯಕ್ರಮಕ್ಕೆ ನಾಲ್ಕಕ್ಕೆ ನಾಲ್ಕು ಹಾಕ್ಕೋತಾರೆ. ಅದಕ್ಕೇ ನಾವು ತಮ್ಮದಕ್ಕೆ ತಾವು ಮಾರ್ಕ್ಸ್ ಹಾಕಂಗಿಲ್ಲ ಅಂತ ಮಾಡಿದ್ವಿ, ಮತ್ತೆ ಉಪಯೋಗ ಅಂದ್ರೆ ಏನು ಅನ್ನೋದನ್ನ ಆ ಥಿಯರಿ ಆಫ್ ಚೇಂಜ್ ಚಿತ್ರದಿಂದಲೇ ತಗೊಂಡ್ವಿ. ಅಂದ್ರೆ ಎರಡೂ ಒಂದಕ್ಕೊಂದು ಬೇಕು. ಒಂದನ್ನೇ ಆರಿಸ್ಬೇಕು ಅಂದ್ರೆ, ಆರೇಳು ವರ್ಷ ನಡೆದು ಸುಸ್ತಾಗಿರೋ ಸಂಘಕ್ಕೆ ಮ್ಯಾಟ್ರಿಕ್ಸ್ ಮ್ಯಾಪ್, ಈಗ ತಾನೇ ಶುರು ಆಗ್ತಿರೋ ಸಂಘಕ್ಕೆ ಥಿಯರಿ ಆಫ್ ಚೇಂಜ್. ಓಕೆಆರ್ ಬೇಕಾದ್ರೆ ಪೂರ್ತಿ ಸಂಬಳದ ಸಿಬ್ಬಂದಿ ನಾಲ್ಕೈದು ಜನ ಆದ್ಮೇಲೆ ನೋಡಿ.

ಈಗಿನ ನಮ್ಮ ಪ್ಲಾನ್ ಒಂದೇ ಪುಟ, ಮೂರು ವರ್ಷಕ್ಕೆ, ಸಮಿತಿ ಅವಧಿ ಎಷ್ಟೋ ಅಷ್ಟೇ. ಆರು ತಿಂಗಳಿಗೊಮ್ಮೆ ತೆಗೆದು ನೋಡ್ತೀವಿ, ಬದಲಾಯಿಸ್ತೀವಿ. ಫೆವಿಕಾಲ್ ಥರದ ಪಿವಿಎ ಅಂಟಲ್ಲ ಇದು, ನೀರು ತಾಗಿಸಿದ್ರೆ ಬಿಡೋ ಹಿಟ್ಟಿನ ಗೋಂದು. ಇನ್ನೂ ಬಗೆಹರಿಯದೇ ಇರೋದು ವಾಲಂಟಿಯರ್‌ಗಳ ಗಂಟೆ ಲೆಕ್ಕ, ಅದನ್ನೂ ಖರ್ಚಿನ ಕಾಲಂಗೆ ಹಾಕಿದ್ರೆ ಹನ್ನೊಂದರಲ್ಲಿ ಒಂಬತ್ತು ಕಾರ್ಯಕ್ರಮ ನಷ್ಟಕ್ಕೆ ಹೋಗುತ್ತೆ, ಖಜಾಂಚಿ ಹಾಕ್ಲೇಬೇಕು ಅಂತಾರೆ, ಅಧ್ಯಕ್ಷರು ಬೇಡವೇ ಬೇಡ ಅಂತಾರೆ, ಮುಂದಿನ ಮೀಟಿಂಗಲ್ಲಿ ಅದೇ ಮೊದಲನೇ ವಿಷಯ.