ಮುಟ್ಟಿನ ಕಪ್ ಚೆನ್ನಾಗಿದೆ, ಪೆಟ್ಟಿಗೆಯೊಳಗಿನ ಚೀಟಿ ಸಾಲದು

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಶಾಪ್ ಒಂದರಿಂದ 400 ರೂಪಾಯಿಯೊಳಗೆ ಕೊಂಡ ಮುಟ್ಟಿನ ಕಪ್ ಅನ್ನು ಕಳೆದ ಮಳೆಗಾಲದಿಂದ ಬಳಸುತ್ತಾ ಬಂದಿದ್ದೇನೆ. ಮುಟ್ಟಿನ ರಕ್ತ ಹಿಡಿಯಲು ಯೋನಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಬಟ್ಟಲು ಇದು; ಖಾಲಿ ಮಾಡಿ, ತೊಳೆದು ಮತ್ತೆ ಬಳಸಬಹುದು. ವಸ್ತು ಚೆನ್ನಾಗಿದೆ. ಆದರೆ ಪೆಟ್ಟಿಗೆಯೊಳಗಿದ್ದ ಸೂಚನೆಯ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಸುರಕ್ಷತೆಯ ದೃಷ್ಟಿಯಿಂದ ಅತ್ಯಗತ್ಯವಾದ ಹಲವು ಸಂಗತಿಗಳು ಅದರಲ್ಲಿ ಇರಲೇ ಇಲ್ಲ. ಈ ಕೊರತೆ ಒಂದೇ ಕಂಪೆನಿಯದ್ದೆಂದು ಹೇಳಲಾಗದ ಕಾರಣ ಹೆಸರನ್ನು ಬಿಟ್ಟು, ಕಪ್ ಕೊಳ್ಳಬೇಕೆಂದಿರುವ ನಮ್ಮೂರಿನ ಹೆಣ್ಣುಮಕ್ಕಳಿಗೆ ತಿಳಿದಿರಬೇಕಾದುದನ್ನು ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ವಿಷಯ. ವೈದ್ಯಕೀಯ ದರ್ಜೆಯ ಸಿಲಿಕೋನ್. ಬೆರಳಾಡಿಸಿದರೆ ಅಂಚಿನಲ್ಲಿ ಎಲ್ಲಿಯೂ ಅಚ್ಚಿನ ಗೆರೆ ತಾಗುವುದಿಲ್ಲ. ಕುದಿಸಿದ ಮೇಲೆ ವಾಸನೆಯೂ ಉಳಿಯುವುದಿಲ್ಲ. ಅಂಚಿನ ಕೆಳಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿವೆ. ಕಪ್ ಒಳಗಿನ ಗೋಡೆಗೆ ಹೀರಿಕೊಂಡಂತೆ ಕೂರದೆ ಸುಲಭವಾಗಿ ಬಿಟ್ಟುಕೊಳ್ಳುವುದಕ್ಕೆ ಇವು ಬೇಕು, ಆದರೆ ರಕ್ತ ಒಣಗಿ ಕಟ್ಟಿಕೊಳ್ಳುವುದೂ ಇಲ್ಲಿಯೇ. ಕಪ್ ತುಂಬ ನೀರು ಹಿಡಿದು, ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ ಹಿಸುಕಿದರೆ ರಂಧ್ರಗಳಿಂದ ನೀರು ಎಳೆ ಎಳೆಯಾಗಿ ಚಿಮ್ಮುತ್ತದೆ. ಯಾವ ರಂಧ್ರದಿಂದ ನೀರು ಬರಲಿಲ್ಲವೋ ಅದನ್ನು ಮತ್ತೆ ತೊಳೆಯಬೇಕು. ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

"ಅಕ್ಕಾ, ಅದು ಒಳಗೇ ಹೋಗಿಬಿಟ್ಟರೆ?" ಎಂದು ನನ್ನ ಕಿರಿಯ ಸಹೋದ್ಯೋಗಿ ಕೇಳಿದ್ದಳು. ಯೋನಿಯ ಮೇಲ್ತುದಿಯಲ್ಲಿ ಗರ್ಭಕೊರಳಿದೆ. ಅದರ ದ್ವಾರದ ಮೂಲಕ ಕಪ್ ದಾಟಿ ಹೋಗುವುದು ಸಾಧ್ಯವೇ ಇಲ್ಲ. ಕೈಗೆ ಸಿಗದಿದ್ದರೆ ಕುಕ್ಕರುಗಾಲಿನಲ್ಲಿ ಕುಳಿತು ಸ್ವಲ್ಪ ತಿಣುಕಿದಾಗ ಕೆಳಗೆ ಬರುತ್ತದೆ. ಕಪ್ಪಿನ ತಳದಲ್ಲಿರುವ ತೊಟ್ಟನ್ನು ಹಿಡಿದು ಜಗ್ಗಬಾರದು. ಬುಡವನ್ನು ಹಿಸುಕಿ ಒಳಗಿನ ಹಿಡಿತ ಸಡಿಲಿಸಿದ ಮೇಲೆಯೇ ಹೊರಗೆ ತೆಗೆಯಬೇಕು.

ಈ ಕೊನೆಯ ಮಾತು ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ವಂಕಿ, ಅಂದರೆ ಕಾಪರ್-ಟಿಯಂಥದ್ದನ್ನು, ಹಾಕಿಸಿಕೊಂಡವರಿಗೆ ಇನ್ನೂ ಮುಖ್ಯ. ಕಾಪರ್-ಟಿಯ ದಾರ ಗರ್ಭಕೊರಳಿನಿಂದ ಕೆಳಗೆ ಇಳಿದಿರುತ್ತದೆ. ಕಪ್ ತೆಗೆಯುವಾಗಿನ ಎಳೆತಕ್ಕೆ ಅಥವಾ ಕೈಗೆ ದಾರ ಸಿಕ್ಕಿದ್ದರಿಂದ ವಂಕಿಯೇ ಜಾರಿದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಹೆರಿಗೆಯ ನಂತರ ವಂಕಿ ಹಾಕಿಸಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಕೈಗೂ ಹೋಗುವ ವಸ್ತುವಿನ ಪೆಟ್ಟಿಗೆಯ ಮೇಲೆ ಈ ಎಚ್ಚರಿಕೆಯನ್ನು ಅಚ್ಚು ಹಾಕದಿರುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ಲೋಪ. ವಂಕಿ ಇರುವವರು, ಗರ್ಭಕೋಶ ಜಾರಿರುವವರು, ಹೆರಿಗೆಯಾಗಿ ಇನ್ನೂ ಚೇತರಿಸಿಕೊಳ್ಳುತ್ತಿರುವವರು ಸ್ತ್ರೀರೋಗ ತಜ್ಞರನ್ನು ಕೇಳದೆ ಕಪ್ ಬಳಸಲೇಬಾರದು.

ಜನ ಹೆಚ್ಚು ಭಯಪಡುವುದು ಟಾಕ್ಸಿಕ್ ಶಾಕ್ ಸಿಂಡ್ರೋಮಿಗೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬಿಡುವ ವಿಷದಿಂದ ಬರುವ ಈ ಕಾಯಿಲೆ 1980ರ ಸುಮಾರಿಗೆ ಅಮೆರಿಕದಲ್ಲಿ ಯೋನಿಯೊಳಗೆ ಇಡುವ, ರಕ್ತವನ್ನು ಹೆಚ್ಚು ಹೀರುವ ಟ್ಯಾಂಪನ್‌ಗಳ ಕಾರಣದಿಂದ ಸುದ್ದಿಯಾಯಿತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯು 43 ಅಧ್ಯಯನಗಳನ್ನು, ಅಂದರೆ ಸುಮಾರು 3,300 ಮಂದಿಯ ಅನುಭವವನ್ನು, ಒಟ್ಟಾಗಿ ಪರಿಶೀಲಿಸಿದ ವರದಿಯನ್ನು ಪ್ರಕಟಿಸಿತು. ಕಪ್ ಬಳಕೆಯೊಂದಿಗೆ ಈ ಕಾಯಿಲೆ ಬಂದ ಐದು ಪ್ರಕರಣಗಳಷ್ಟೇ ಅದರಲ್ಲಿ ಸಿಕ್ಕಿದ್ದವು. ಒಟ್ಟಾರೆ ಕಪ್ ಸುರಕ್ಷಿತವೆಂದೇ ಆ ವರದಿ ಹೇಳಿತು. ಹಾಗಿದ್ದರೂ ಐದು ಎಂಬುದು ಸೊನ್ನೆಯಲ್ಲ, ಮತ್ತು ರೋಗ ಬಂದರೆ ಅದು ಗಂಟೆಗಳೊಳಗೆ ಜೀವಕ್ಕೆ ಕುತ್ತು ತರಬಲ್ಲದು. ಏಕಾಏಕಿ ಏರುವ ಜ್ವರ, ವಾಂತಿ ಭೇದಿ, ಬಿಸಿಲಿಗೆ ಸುಟ್ಟಂತೆ ಮೈಮೇಲೆ ಕೆಂಪು, ರಕ್ತದೊತ್ತಡ ಕುಸಿದು ತಲೆ ತಿರುಗುವುದು ಇದರ ಲಕ್ಷಣಗಳು.

ಮಂಗಳೂರು ಉಡುಪಿಯವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಯಾರಿಗೆ ಜ್ವರ ಬಂದರೂ ಮೊದಲು ನೆನಪಾಗುವುದು ಮಲೇರಿಯಾ, ಡೆಂಗಿ, ಇಲಿಜ್ವರ. ಡೆಂಗಿಯಲ್ಲೂ ಮೈ ಕೆಂಪಾಗುತ್ತದೆ. ಹಾಗಾಗಿ ಮುಟ್ಟಿನ ದಿನಗಳಲ್ಲಿ ಜ್ವರ ಏರಿದರೆ ಕೂಡಲೇ ಕಪ್ ತೆಗೆದು, ಆಸ್ಪತ್ರೆಗೆ ಹೋಗಿ, ಕಪ್ ಬಳಸುತ್ತಿದ್ದೆನೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಪಕ್ಕದಲ್ಲಿ ಅಪ್ಪನೋ ಮಾವನೋ ನಿಂತಿದ್ದಾರೆಂಬ ಸಂಕೋಚಕ್ಕೆ ಈ ಮಾತು ಗಂಟಲಲ್ಲೇ ಉಳಿಯಬಾರದು.

ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಪ್ರಶ್ನೆಯೂ ಇದಕ್ಕೇ ಸೇರಿದ್ದು. ನನ್ನ ಪೆಟ್ಟಿಗೆಯ ಮೇಲೆ 12 ಗಂಟೆ ಎಂದು ದೊಡ್ಡ ಅಕ್ಷರಗಳಲ್ಲಿದೆ. ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ಕಳೆದು ಮನೆ ಸೇರುವ ನನ್ನಂಥವರಿಗೆ ಆ ಅಂಕಿ ಬಹಳ ಆಕರ್ಷಕ. ಆದರೆ ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ 6 ಗಂಟೆಯ ಮಿತಿಯನ್ನು ಸೂಚಿಸಿದೆ. ಹೊತ್ತು ಹೆಚ್ಚಾದಷ್ಟೂ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶ ಹೆಚ್ಚು. ಆದ್ದರಿಂದ ಮಧ್ಯಾಹ್ನ ಊಟಕ್ಕೆ ಮೊದಲು ಆಫೀಸಿನ ಶೌಚಾಲಯದಲ್ಲಿ ಕಪ್ ಖಾಲಿ ಮಾಡುತ್ತೇನೆ. ಕೈ ತೊಳೆಯುವ ನಲ್ಲಿ ಹೊರಗಿರುವುದರಿಂದ ಮೊದಲೇ ಸೋಪಿನಿಂದ ಕೈ ತೊಳೆದುಕೊಂಡು, ಬಾಟಲಿಯಲ್ಲಿ ಕುಡಿಯುವ ನೀರನ್ನು ಒಳಗೆ ಒಯ್ಯುತ್ತೇನೆ. ಅಷ್ಟೂ ಅನುಕೂಲವಿಲ್ಲದ ಜಾಗದಲ್ಲಿ ಕೆಲಸ ಮಾಡುವವರು ಆ ಹೊತ್ತಿಗೆ ಪ್ಯಾಡನ್ನೇ ಬಳಸುವುದು ಒಳ್ಳೆಯದು.

ತಿಂಗಳಿಗೊಮ್ಮೆ ಬೇರೆಯದೇ ಪಾತ್ರೆಯಲ್ಲಿ, ಕಪ್ ತಳಕ್ಕೆ ತಾಗದಷ್ಟು ನೀರಿಟ್ಟು, ಐದು ನಿಮಿಷ ಕುದಿಸುತ್ತೇನೆ. ಡೆಟ್ಟಾಲ್, ಸುವಾಸನೆಯ ಸೋಪು ಬೇಡ. ಒಳಗೆ ಹಾಕುವಾಗ ಜಾರಲೆಂದು ತೆಂಗಿನೆಣ್ಣೆ ಸವರುವುದೂ ಬೇಡ, ನೀರು ಸಾಕು.

ಪೆಟ್ಟಿಗೆಯ ಜೊತೆ ಬಂದ ಬಟ್ಟೆಯ ಚೀಲದ ಬಗ್ಗೆ ನನಗೆ ನಿಜವಾದ ದೂರಿದೆ. ತುಳುವರ ಆಟಿ ತಿಂಗಳ ಮಳೆಯಲ್ಲಿ ಬೀರುವಿನಲ್ಲಿಟ್ಟ ಆ ಚೀಲದ ಹೊಲಿಗೆಯುದ್ದಕ್ಕೂ ಬೂಷ್ಟು ಹಿಡಿದು ಬೂದು ಚುಕ್ಕೆಗಳು ಕಾಣಿಸಿಕೊಂಡವು. ಗಾಳಿಯಾಡುವ ಚೀಲವೇ ಬೇಕೆಂಬುದು ಸರಿ, ಮುಚ್ಚಳ ಬಿಗಿದ ಡಬ್ಬಿಯಲ್ಲಿ ತೇವ ಒಳಗೇ ಉಳಿಯುತ್ತದೆ. ಆದರೆ ನಮ್ಮ ಕರಾವಳಿಯ ಜೂನ್ ಜುಲೈಗಳಿಗೆ ಆ ದಪ್ಪ ಬಟ್ಟೆ ಹೊಂದುವುದಿಲ್ಲ. ಈಗ ಕಪ್ ಅನ್ನು ಪೂರ್ತಿ ಒಣಗಿಸಿ, ತೆಳ್ಳಗಿನ ಹತ್ತಿಯ ಚೀಲದಲ್ಲಿಡುತ್ತೇನೆ. ಚೀಲವನ್ನು ಆಗಾಗ ಒಗೆದು ಇಸ್ತ್ರಿ ಹಾಕುತ್ತೇನೆ. ಬಳಸುವ ಮುನ್ನ ಕಪ್ ಅನ್ನು ಮತ್ತೆ ಕುದಿಸುತ್ತೇನೆ.

ರಾಜ್ಯ ಸರಕಾರವು ಶುಚಿ ಯೋಜನೆಯಡಿ ಮುಟ್ಟಿನ ಕಪ್ ವಿತರಣೆಯನ್ನು ಪ್ರಾಯೋಗಿಕವಾಗಿ ಕೈಗೆತ್ತಿಕೊಂಡ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಕಾಲೇಜು ಹುಡುಗಿಯರ ಕೈಗೂ ಕಪ್ ತಲುಪಿರುವ ಊರಿನಲ್ಲಿ ಖಾಸಗಿ ಕಂಪೆನಿಯೊಂದು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಲಾರದೆ? ಹೀಗೆಂದು ಪೆಟ್ಟಿಗೆಯ ಮೇಲಿದ್ದ ವಿಳಾಸಕ್ಕೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಅಂಗಡಿಯ ಬಗ್ಗೆ ಒಳ್ಳೆಯದನ್ನೇ ಹೇಳಬೇಕು. ಕೌಂಟರಿನಲ್ಲಿದ್ದ ಹೆಂಗಸು ಕಾಗದದಲ್ಲಿ ಸುತ್ತಿ ಬಚ್ಚಿಡುವ ಗೋಜಿಗೆ ಹೋಗದೆ, ಎರಡೂ ಗಾತ್ರಗಳ ಪೆಟ್ಟಿಗೆಗಳನ್ನು ಮುಂದಿಟ್ಟು, ಹೆರಿಗೆಯಾಗಿದೆಯೇ ಎಂದು ಮೆಲ್ಲಗೆ ವಿಚಾರಿಸಿ, ನಂತರವೇ ಸಣ್ಣದನ್ನು ಕೊಟ್ಟರು. ಮುದ್ರೆ ಒಡೆದ ಪೆಟ್ಟಿಗೆಯನ್ನು ಅವರು ಹಿಂದಕ್ಕೆ ಪಡೆಯುವುದಿಲ್ಲ, ಅದು ಸರಿಯಾದ ಕ್ರಮ. ಆದ್ದರಿಂದ ಗಾತ್ರದ ಬಗ್ಗೆ ಅನುಮಾನವಿದ್ದರೆ ಹಣ ಕೊಡುವ ಮೊದಲೇ ಅವರಲ್ಲಿ ಬಿಡಿಸಿ ಕೇಳಿಕೊಳ್ಳಿ.