ನಮ್ಮ ಪಂಚಾಯಿತಿಯ ಅರಿವು ಕೇಂದ್ರ: ಎರಡು ವರ್ಷ ಹೋಗಿ ಬಂದ ಮೇಲೆ

ನಮ್ಮ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಎರಡು ವರ್ಷದ ಹಿಂದೆ ಕೇಳಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ.

ಆಗ ಹೇಗಿತ್ತು ಅಂದರೆ, ಪಂಚಾಯಿತಿ ಆಫೀಸಿನ ಪಕ್ಕ ಒಂದು ಕೋಣೆ, ಎರಡು ಬೀರು, ಬೀರುಗಳಿಗೆ ಬೀಗ, ಒಂದು ದಿನಪತ್ರಿಕೆ, ಅದನ್ನು ಓದೋಕೆ ಬರುವ ಮೂರ್ನಾಲ್ಕು ಜನ ಹಿರಿಯರು. ಅಷ್ಟೇ. ಹೆಣ್ಣುಮಕ್ಕಳು ಒಳಗೆ ಕಾಲಿಟ್ಟಿದ್ದನ್ನು ನಾನಂತೂ ನೋಡಿರಲಿಲ್ಲ. ಮನೆ ಕಂದಾಯದ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ನಾವೆಲ್ಲ ಕಟ್ಟುತ್ತೇವೆ, ಆದರೆ ಆ ದುಡ್ಡಿಗೆ ಏನು ಸಿಗುತ್ತಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರ ನವೆಂಬರಿನಲ್ಲಿ ಮಕ್ಕಳಿಗೆ ಓದು ಹಚ್ಚುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆ ಗಾಳಿ ನಮ್ಮೂರಿಗೆ ಬೀಸಲು ತಡವಾಯಿತು. ಬಣ್ಣ ಬಳಿದರು, ಗೋಡೆಗೆ ಚಿತ್ರ ಬರೆಸಿದರು, ಎರಡು ಕಂಪ್ಯೂಟರ್ ಬಂದವು. ಆದರೂ ಮಕ್ಕಳು ಬರಲಿಲ್ಲ.

ಯಾಕೆ ಅಂತ ಗೊತ್ತಾಗಿದ್ದು ಮಕ್ಕಳ ಗ್ರಾಮ ಸಭೆಯಲ್ಲಿ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು, ಮೈಕ್ ಕೂಡ ಹಿಡಿಯದೆ ಕೇಳಿದಳು: 'ಸಾರ್, ನಮಗೆ ಸ್ಕೂಲ್ ಬಿಡೋದು ನಾಲ್ಕೂವರೆಗೆ. ನಡ್ಕೊಂಡು ಬರೋಷ್ಟರಲ್ಲಿ ಐದು. ಐದಕ್ಕೆ ನೀವು ಬಾಗಿಲು ಹಾಕ್ತೀರಿ. ನಾವು ಯಾವಾಗ ಓದೋದು?' ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪುಸ್ತಕದಲ್ಲಿ ಬರೆದುಕೊಂಡರು. ನಾನು ಹಿಂದೆ ನಿಂತಿದ್ದೆ, ಇದೂ ಬರೆದುಕೊಂಡಲ್ಲೇ ಉಳಿಯುತ್ತದೆ ಅಂದುಕೊಂಡೆ. ಉಳಿಯಲಿಲ್ಲ. ಮುಂದಿನ ತಿಂಗಳಿಂದ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ಏಳರವರೆಗೆ ತೆರೆದರು. ಈಗ ಸಂಜೆ ಹೋದರೆ ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಜಾಗ ಇರುವುದಿಲ್ಲ.

ಈ ಕೇಂದ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಂಪ್ಯೂಟರ್ ಅಲ್ಲ, ಮೇಜಿನ ಮೇಲಿರುವ ಒಂದು ಇನ್ನೂರು ಪೇಜಿನ ನೋಟ್‌ಬುಕ್. ನಮ್ಮ ಮೇಲ್ವಿಚಾರಕಿ ಅಕ್ಕ ಇಟ್ಟಿದ್ದು. ಅದಕ್ಕೊಂದು ಪೆನ್ನನ್ನು ಹೂ ಕಟ್ಟುವ ದಾರದಿಂದ ಕಟ್ಟಿದ್ದಾರೆ. ಹುಡುಕಿಕೊಂಡು ಬಂದದ್ದು ಸಿಗದಿದ್ದರೆ ಅದರಲ್ಲಿ ಬರೆಯಬೇಕು, ಬರೆಯೋಕೆ ಬಾರದವರು ಹೇಳಿದರೆ ಅಕ್ಕನೇ ಬರೆಯುತ್ತಾರೆ. ಮೊನ್ನೆ ತಿರುವಿ ಹಾಕಿದೆ. 'ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಪುಸ್ತಕ.' 'ಮೆಕ್ಕೆಜೋಳದ ಸೈನಿಕ ಹುಳುವಿಗೆ ಏನು ಹೊಡೆಯಬೇಕು?' 'ದೊಡ್ಡ ಅಕ್ಷರದ ರಾಮಾಯಣ.' 'ಬ್ಲೌಸ್ ಕಟಿಂಗ್ ಚಿತ್ರ ಇರುವ ಪುಸ್ತಕ.' 'ವಿಧವಾ ಪಿಂಚಣಿ ನಿಂತಿದೆ, ಯಾರನ್ನು ಕೇಳಬೇಕು?' ಒಂದೊಂದರ ಮುಂದೆಯೂ ಅಕ್ಕ ಕೆಂಪು ಇಂಕಿನಲ್ಲಿ ಏನು ಮಾಡಿದೆ ಅಂತ ಬರೆದಿದ್ದಾರೆ: ಪುಸ್ತಕ ಬಂತು, ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿದೆ, ದಾನಿಗಳನ್ನು ಕೇಳಿದ್ದೇನೆ. ಊರಿಗೆ ಏನು ಬೇಕು ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ದಾರಿ ನಾನು ನೋಡಿಲ್ಲ. ಇಷ್ಟೆಲ್ಲ ಮಾಡುವವರು ನಮ್ಮ ಅಕ್ಕ. ಅದನ್ನೂ ಇಲ್ಲಿ ಹೇಳಲೇಬೇಕು ಅನ್ನಿಸಿತು.

ಜನರಿಗೆ ಆಗುವ ಹೊತ್ತು ನೋಡಬೇಕು ಅನ್ನುವ ಮಾತು ದೊಡ್ಡವರ ಗ್ರಾಮ ಸಭೆಗೂ ಸೇರುತ್ತದೆ. ಆರು ತಿಂಗಳಿಗೆ ಒಮ್ಮೆಯಾದರೂ ನಡೆಸಬೇಕು ಅಂತ ಕಾನೂನಿದೆ, ಸರಿ. ಆದರೆ ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಒಂದು ವರ್ಷ ಹಾಗೇ ಆಯಿತು, ಬಂದವರು ಹೇಳಿದ್ದು ಬರೀ ರಸ್ತೆ, ಚರಂಡಿ. ಆಮೇಲೆ ನಮ್ಮ ವಾರ್ಡ್ ಸಭೆಯನ್ನು ರಾತ್ರಿ ಏಳಕ್ಕೆ ಅರಳಿ ಕಟ್ಟೆ ಹತ್ತಿರ ಇಟ್ಟಾಗ ಹೆಂಗಸರೇ ಜಾಸ್ತಿ ಬಂದರು, ಬೇಡಿಕೆಗಳ ಪಟ್ಟಿಯೇ ಬದಲಾಯಿತು. ಬಸ್ ಸ್ಟಾಪಿನಿಂದ ಊರೊಳಗೆ ಬರುವ ದಾರಿಗೆ ಲೈಟು, ಕೂಲಿಗೆ ಹೋಗುವಾಗ ಕೂಸನ್ನು ಬಿಡಲು ಒಂದು ಜಾಗ, ಹೆಣ್ಣುಮಕ್ಕಳು ಓದೋಕೆ ಕೂರಲು ಬೇರೆ ಮೇಜು. ಮೇಜು ಬಂದಿದೆ, ಲೈಟು ಬಂದಿದೆ. ಕೂಸಿನ ವಿಷಯ ಇನ್ನೂ ಕಾಗದದ ಮೇಲಿದೆ.

ಇನ್ನು ಕೊರತೆ. ಎರಡು ಕಂಪ್ಯೂಟರಿನಲ್ಲಿ ಒಂದು ಕೆಟ್ಟು ಐದು ತಿಂಗಳಾಯಿತು. ಜೋರು ಮಳೆ ಬಂದರೆ ಇಂಟರ್ನೆಟ್ ಇರುವುದಿಲ್ಲ, ಆನ್‌ಲೈನ್ ಅರ್ಜಿ ತುಂಬೋಕೆ ಕೊನೆ ದಿನದವರೆಗೆ ಕಾಯಬೇಡಿ. ಬಾಗಿಲಿಗೆ ಮೂರು ಮೆಟ್ಟಿಲಿವೆ, ಇಳಿಜಾರು ಇಲ್ಲ. ನಮ್ಮ ಬೀದಿಯ ಪೋಲಿಯೋ ಆದ ಹುಡುಗ ಕೈ ಊರಿಕೊಂಡು ಹತ್ತುತ್ತಾನೆ, ನೋಡೋಕಾಗಲ್ಲ. ಕೆಲವು ಮೂಟೆ ಸಿಮೆಂಟು, ಒಂದಿಷ್ಟು ಮರಳು ಸಾಕು ಅದಕ್ಕೆ.

ನಾನು ಒಂದು ಅಂಕ ಕಡಿಮೆ ಕೊಟ್ಟಿದ್ದು ಮಾತ್ರ ತಾಂಡಾಕ್ಕಾಗಿ. ಮೂರು ಕಿಲೋಮೀಟರ್ ದೂರ, ಬಸ್ಸಿಲ್ಲ, ಅಲ್ಲಿನ ಮಕ್ಕಳು ಸಂಜೆ ಇಲ್ಲಿಗೆ ಬಂದು ಕತ್ತಲಲ್ಲಿ ವಾಪಸ್ ಹೋಗೋಕಾಗುತ್ತಾ? ನೋಟ್‌ಬುಕ್ಕಿನಲ್ಲಿ ಅವರದ್ದು ಒಂದೇ ಒಂದು ಸಾಲಿಲ್ಲ. ಬೇಡಿಕೆ ಇಲ್ಲ ಅಂತ ಅಲ್ಲ, ಬರೆಯೋಕೆ ಅವರು ಇಲ್ಲಿಗೆ ಬರೋದೇ ಇಲ್ಲ.

ಹೋಗುವವರಿಗೆ: ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ. ಪರೀಕ್ಷೆಗೆ ಓದುವವರು ಬೆಳಿಗ್ಗೆ ಹೋಗಿ, ಸಂಜೆ ಮಕ್ಕಳ ಗಲಾಟೆ. ನಾನು ಕಳೆದ ವಾರ ನೋಟ್‌ಬುಕ್ಕಿನಲ್ಲಿ 'ತಾಂಡಾದ ಅಂಗನವಾಡಿಗೆ ತಿಂಗಳಿಗೊಂದು ಪೆಟ್ಟಿಗೆ ಪುಸ್ತಕ ಕಳಿಸಬಹುದಾ? ಗಾಡಿ ನಮ್ಮದೇ ಇದೆ' ಅಂತ ಬರೆದು ಬಂದಿದ್ದೇನೆ. ನಿನ್ನೆ ನೋಡಿದೆ, ಅದರ ಮುಂದೆ ಕೆಂಪು ಇಂಕಿನಲ್ಲಿ 'ಯಾವ ದಿನ?' ಅಂತಿತ್ತು.